ಟೇಲರ್ ನಾಲಿಗೆ

ಅಡುಗೆಯಲ್ಲಿ ಡಬ್ಬಿಯಮ್ಮ ಎತ್ತಿದ ಕೈ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಕಾಯುವ ಜಾಯಮಾನ ಅವಳದಲ್ಲ, ತಾನೇ ಹೇಳಿಬಿಡುತ್ತಿದ್ದಳು. ಹೇಳಿಕೊಂಡರೆ ತಪ್ಪೇನು? ನರ್ಸ್ ಆಗಿದ್ದ ಮಗಳು ಆಸ್ಪತ್ರೆಗೆ ಒಯ್ಯುತ್ತಿದ್ದ ಊಟದ ಡಬ್ಬಿಗೆ ಇಡೀ ವಾರ್ಡೇ ಕೈ ಹಾಕುತ್ತಿತ್ತು. ಅದರಲ್ಲೂ ಬಿಳಿ ಬೀನ್ಸ್ ಕಾಳನ್ನು ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಿ ಮಾಡಿದ, ಬ್ರೆಡ್ಡು ಅದ್ದಿಕೊಂಡು ತಿನ್ನುವ ಡಿಪ್ ಇದ್ದ ದಿನ ಮಗಳಿಗೆ ತಳ ಕೆರೆಯುವುದೇ ಗತಿ. ಡಬ್ಬಿಯಮ್ಮ ಎಂಬ ಹೆಸರಿಟ್ಟವರೂ ಆ ವಾರ್ಡಿನವರೇ. ಆಮೇಲೆ ಬೀದಿಯವರು ಕರೆದರು, ಕೊನೆಗೆ ಹಾಲಿನವನೂ ಕರೆದ.

ಅಂಥವಳ ನಾಲಿಗೆ ಹೋದ ತಿಂಗಳು ಕೈಕೊಟ್ಟಿತು. ಬಂದ ಜ್ವರವೇನೋ ಬೇಗನೆ ಬಿಟ್ಟಿತು, ಆದರೆ ಹೋಗುವಾಗ ರುಚಿ, ವಾಸನೆ ಎರಡನ್ನೂ ಕಟ್ಟಿಕೊಂಡು ಹೋಯಿತು. ಉಪ್ಪು ನೆಕ್ಕಿದರೂ ಮರಳು, ಸಕ್ಕರೆ ನೆಕ್ಕಿದರೂ ಮರಳು. ಮಗಳು ಆಗ ತರಬೇತಿಗೆಂದು ದೂರ ಹೋಗಿದ್ದಳು. ಅವಳಿಗೆ ಹೇಳಕೂಡದೆಂದು ಡಬ್ಬಿಯಮ್ಮ ಗಂಡನ ಬಾಯಿಗೂ ತಂಗಿಯ ಬಾಯಿಗೂ ಬೀಗ ಹಾಕಿದ್ದಳು.

ಈಗ ಮಗಳು ವಾರ್ಡಿನ ಮುಖ್ಯ ನರ್ಸ್ ಆಗಿ ವಾಪಸಾಗಿದ್ದಳು. "ಅಮ್ಮಾ, ನಾಳೆ ಸಂಜೆ ವಾರ್ಡಿನವರೆಲ್ಲ ಮನೆಗೆ ಬರ್ತಾರೆ. ಬೇರೇನೂ ಇಲ್ದಿದ್ರೂ ನಡೆಯುತ್ತೆ, ಡಿಪ್ ಮಾತ್ರ ಇರ್ಲೇಬೇಕು," ಎಂದು ಫೋನಿನಲ್ಲಿ ಹೇಳಿದಳು. ಡಬ್ಬಿಯಮ್ಮನ ಎದೆ ಉಬ್ಬಿತು, ಮರುಕ್ಷಣವೇ ಧಸಕ್ಕೆಂದಿತು.

ತಂಗಿ ಹೇಳಿದಳು, "ಅಕ್ಕಾ, ಸುಮ್ನೆ ಅಂಗಡಿಯಿಂದ ತಂದುಬಿಡೋಣ. ಬಟ್ಟಲಿಗೆ ಸುರಿದಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ! ನಾನೇ ಮಾಡ್ತೀನಿ. ಕೆಟ್ಟುಹೋದ್ರೆ ಸೌಟು ನಿನ್ನ ಕೈಗೆ ಕೊಟ್ಟು ಹೊರಗೆ ಕೂತ್ಕೋತೀನಿ. ಮತ್ತೆ ಒಲೆ ಮುಟ್ಟಲ್ಲ, ಆಯ್ತಾ?"

ಸಿಟ್ಟಿನಲ್ಲಿ ಬಂದ ಮಾತಾದರೂ ಮಾತು ಮಾತೇ. ಯಾವುದಕ್ಕೂ ಇರಲಿ ಎಂದು ತಂಗಿ ಅಂಗಡಿಯ ಡಿಪ್ ತಂದು ಫ್ರಿಜ್ಜಿನಲ್ಲಿ ಇಟ್ಟೇಬಿಟ್ಟಳು.

ಮರುದಿನ ಅಡುಗೆಯ ಅರ್ಧ ದಾರಿಯವರೆಗೆ ಡಬ್ಬಿಯಮ್ಮನಿಗೆ ನಾಲಿಗೆಯ ಹಂಗೇ ಬೇಕಾಗಲಿಲ್ಲ. ನೆನೆದ ಕಾಳು ಕುದಿಯುವಾಗ ಏಳುವ ನೊರೆ ತೆಗೆಯಲು ಕಣ್ಣು ಸಾಕು. ಬೆಂದಿದೆಯೇ ಎಂದು ನೋಡಲು ಎರಡು ಬೆರಳು ಸಾಕು: ಒತ್ತಿದರೆ ಗಂಟಿಲ್ಲದೆ ಅರೆದುಹೋಗಬೇಕು. ಬೆಂದ ಕಾಳನ್ನು ನೀರಿನಲ್ಲಿ ಮೆಲ್ಲಗೆ ಉಜ್ಜಿ, ತೇಲಿದ ಸಿಪ್ಪೆಯನ್ನೆಲ್ಲ ಬಸಿದಳು. ನುಣುಪಿನ ಗುಟ್ಟು ಅಲ್ಲಿರುವುದು, ಸೋಮಾರಿಗಳಿಗೆ ಅದು ದಕ್ಕುವುದಿಲ್ಲ. ಬಿಸಿಯಿರುವಾಗಲೇ ಬೆಳ್ಳುಳ್ಳಿ, ನಿಂಬೆರಸ, ಎಣ್ಣೆ, ಉಪ್ಪು ಹಾಕಿ ರುಬ್ಬಿದಳು. ಬೇಯಿಸಿದ ನೀರನ್ನೇ ಚಮಚ ಚಮಚವಾಗಿ ಬಿಟ್ಟಳು. ಗರಗರ ಎನ್ನುತ್ತಿದ್ದ ಮಿಕ್ಸಿಯ ಸದ್ದು ಮೆತ್ತಗಾದಾಗ ಅವಳ ಕಿವಿಗೆ ಗೊತ್ತಾಯಿತು, ಸಾಕು. ಮುಚ್ಚಳ ತೆಗೆದರೆ ಬೆಳ್ಳಗೆ, ನುಣ್ಣಗೆ, ನೋಡುವುದಕ್ಕೇ ಹಬ್ಬ.

ರುಚಿ? ಅದು ದೇವರಿಗೇ ಗೊತ್ತು.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಗಂಡ ಟೇಲರು. ಮುಂದಿನ ಕೋಣೆಯೇ ಅವನ ಅಂಗಡಿ. ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದ. ಚಮಚ ಬಾಯೊಳಗೆ ಹೋಯಿತೋ ಇಲ್ಲವೋ, "ಚೆನ್ನಾಗಿದೆ" ಎಂದ.

ಮದುವೆಯಾದಾಗಿನಿಂದ ಅವನದು ಇದೊಂದೇ ಮಾತು. ಡಬ್ಬಿಯಮ್ಮನಿಗೆ ಅನುಮಾನ ಬಂತು. ಅವನಿಗೆ ಬೆನ್ನು ಮಾಡಿ, ಇನ್ನೊಂದು ಚಮಚ ಡಿಪ್ಪಿಗೆ ಅದರಷ್ಟೇ ಉಪ್ಪು ಬೆರೆಸಿ ಕೊಟ್ಟಳು. "ಈಗ?"

ಗಂಡನ ಕಣ್ಣಲ್ಲಿ ನೀರು ಬಂತು. "ಚೆನ್ನಾಗಿದೆ."

"ಅಯ್ಯೋ ನಿಮ್ಮ! ಅದರ ತುಂಬ ಉಪ್ಪೇ ಇರೋದು!"

ಗಂಡ ಒಂದು ಲೋಟ ನೀರು ಗಟಗಟ ಕುಡಿದ. "ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಉಪ್ಪು ಜಾಸ್ತಿ ಆಯ್ತು ಅಂದಿದ್ದೆ. ನೀನು ಎಷ್ಟು ದಿನ ಮುಖ ಊದಿಸ್ಕೊಂಡಿದ್ದೆ, ನೆನಪಿದೆಯಾ? ಅವತ್ತಿಂದ ನನ್ನ ನಾಲಿಗೆಗೆ ರಜೆ ಕೊಟ್ಟಿದೀನಿ."

ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ. ಡಬ್ಬಿಯಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತಳು. ತಂಗಿಯನ್ನು ಕರೆಯೋಣವೆಂದರೆ ನಿನ್ನೆ ಆಡಿದ ಮಾತು ಅಡ್ಡ; ಉಳಿದ ಒಂದೇ ನಾಲಿಗೆಯನ್ನು ತಾನೇ ಕೆಡಿಸಿಟ್ಟಿದ್ದಳಲ್ಲ! ಸಂಜೆ ಮಗಳೆದುರು ಮಾನ ಹೋಗುವುದು ಖಂಡಿತ ಎನಿಸಿ ಅಳು ಬಂತು.

ಬಾಗಿಲಾಚೆ ಗಿರಾಕಿಯೊಬ್ಬನ ಕೋಟು ಕಚ್ಚಾ ಹೊಲಿಗೆಯಲ್ಲಿ ನೇತಾಡುತ್ತಿತ್ತು. ಬೆಳಗ್ಗೆ ಅದೇ ಗಿರಾಕಿಗೆ "ನಿಮ್ಮ ಎಡಗಡೆ ಹೆಗಲು ಇಳಿದಿದೆ, ಹೊಟ್ಟೆ ಮುಂದೆ ಬಂದಿದೆ" ಎಂದು ಈ ಗಂಡನೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಬಟ್ಟೆಯ ವಿಷಯಕ್ಕೆ ಬಂದರೆ ಅವನು ಯಾರ ಮುಲಾಜಿಗೂ ಬೀಳುವವನಲ್ಲ.

ಡಬ್ಬಿಯಮ್ಮ ಎದ್ದಳು. "ರೀ, ಇದು ಅಡುಗೆ ಅಲ್ಲ, ಕೋಟು ಅಂದ್ಕೊಳ್ಳಿ. ಟ್ರಯಲ್ ನಡೀತಿದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಹೇಳಿ. ನಾನು ಸಿಟ್ಟು ಮಾಡ್ಕೊಳ್ಳಲ್ಲ."

ಗಂಡ ಅವಳ ಮುಖ ನೋಡಿದ, ಕನ್ನಡಕ ಸರಿಮಾಡಿಕೊಂಡ. ಈ ಸಲ ಚಮಚ ಬಾಯಲ್ಲಿಟ್ಟು ಕಣ್ಣು ಮುಚ್ಚಿದ.

"ಮುಂದೆ ಬಿಗಿ," ಎಂದ ಮೆಲ್ಲಗೆ. "ಬೆಳ್ಳುಳ್ಳಿ ಬಂದ ಕೂಡಲೇ ಕತ್ತು ಹಿಡಿಯುತ್ತೆ. ಹಿಂದೆ ಜೋಲುತ್ತಿದೆ, ಉಪ್ಪು ಸಾಲದು."

ಡಬ್ಬಿಯಮ್ಮ ಇನ್ನಷ್ಟು ಕಾಳು ಹಾಕಿದಳು, ಚಿಟಿಕೆ ಉಪ್ಪು ಹಾಕಿದಳು, ಮತ್ತೆ ರುಬ್ಬಿದಳು.

"ಈಗ ಹೆಗಲು ಸರಿಯಾಗಿ ಕೂತಿದೆ. ಆದ್ರೆ ತೋಳು ಗಿಡ್ಡ. ನುಂಗಿದ ತಕ್ಷಣ ಮುಗಿದೇ ಹೋಗುತ್ತೆ."

ಎಣ್ಣೆ ಬಿದ್ದಿತು, ನಿಂಬೆಹಣ್ಣಿನ ಇನ್ನೊಂದು ಹೋಳನ್ನೂ ಹಿಂಡಿದಳು. ಅವನು ಹೇಳುವುದು, ಇವಳು ತಿದ್ದುವುದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಇದೇ ಇರಬೇಕು. ಕೊನೆಗೆ ಗಂಡ ಚಮಚ ಕೆಳಗಿಟ್ಟು, "ಸಾಕು, ಇನ್ನು ಬಿಚ್ಚಬೇಡ. ಪಕ್ಕಾ ಹೊಲಿಗೆ ಹಾಕು," ಎಂದ.

ಸಂಜೆ ಮನೆ ತುಂಬಿತು. ಅಗಲವಾದ ಬಟ್ಟಲಲ್ಲಿ ಡಿಪ್ ಹರಡಿ, ಮೇಲೆ ಎಣ್ಣೆ ಬಿಟ್ಟು, ಸುತ್ತ ಸುಟ್ಟ ಬ್ರೆಡ್ಡು, ಸೌತೆಕಾಯಿ ಹೋಳು ಜೋಡಿಸಿದ್ದಳು. ಎಲ್ಲರಿಗಿಂತ ಮೊದಲು ಕೈ ಹಾಕಿದ್ದು ವಾರ್ಡಿನ ಹಳೇ ಆಯಾ. ಅದ್ದಿ ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು.

"ಡಬ್ಬಿಯಮ್ಮಾ, ಇದು ಮೊದಲಿನ ಹಾಗಿಲ್ಲ."

ತಂಗಿ ಫ್ರಿಜ್ಜಿನ ಕಡೆ ನೋಡಿದಳು. ಡಬ್ಬಿಯಮ್ಮ ಸೌಟಿನ ಕಡೆ ನೋಡಿದಳು.

"ಮೊದಲು ಬೆಳ್ಳುಳ್ಳಿ ಮುಂದಿರ್ತಿತ್ತು," ಎಂದು ಆಯಾ ಇನ್ನೊಂದು ತುಂಡು ಅದ್ದಿದಳು. "ಇದು ನುಂಗಿದ ಮೇಲೂ ಬಾಯಲ್ಲೇ ಇರುತ್ತಲ್ಲ ಮಾರಾಯ್ತಿ! ಏನು ಮಾಡಿದ್ರಿ? ಅದಕ್ಕಿಂತ ಇದೇ ಚಂದ."

ಆಮೇಲೆ ಬಟ್ಟಲಿನ ಸುತ್ತ ಕೈಗಳೋ ಕೈಗಳು. ಸುಮ್ಮನೆ ಹೊಗಳಿಸಿಕೊಂಡು ನಿಂತಿದ್ದರೆ ಆಗುತ್ತಿತ್ತು. ಆದರೆ ಬೇರೆಯವರ ಪಾಲಿನ ಹೊಗಳಿಕೆ ಕದಿಯುವಷ್ಟು ಬಡತನ ಡಬ್ಬಿಯಮ್ಮನಿಗೆ ಬಂದಿರಲಿಲ್ಲ. ಮೂಲೆಯಲ್ಲಿದ್ದ ಗಂಡನ ತೋಳು ಹಿಡಿದು ಮುಂದಕ್ಕೆ ಎಳೆದಳು.

"ಕೈ ನಂದು, ನಾಲಿಗೆ ಇವರ್ದು. ನನ್ನ ನಾಲಿಗೆಗೆ ರುಚಿ ಹೋಗಿ ತಿಂಗಳಾಯ್ತು."

ಮಗಳ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. "ಅಮ್ಮಾ! ನಾನೊಬ್ಬಳು ನರ್ಸ್ ಇದೀನಿ. ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನನ್ನೇ ಪೇಷಂಟ್ ಮಾಡಿ ಮಲಗಿಸ್ತಿದ್ದೆ. ನಾಳೆ ಕರ್ಕೊಂಡು ಹೋಗಿ ಡಾಕ್ಟ್ರಿಗೆ ತೋರ್ಸು, ಬರ್ತೀನಿ. ಇವತ್ತು ನಾನು ಅಡುಗೆಯವಳು."

ಮಗಳ ಕಣ್ಣು ತುಂಬಿತು, ಆದರೂ ನಕ್ಕಳು. ಬ್ರೆಡ್ಡನ್ನು ಅದ್ದಲು ಹೋದರೆ ಬಟ್ಟಲಲ್ಲಿ ಎಣ್ಣೆಯ ಪಸೆಯೂ ಉಳಿದಿರಲಿಲ್ಲ. ತಂಗಿ ಅಂಗಡಿಯದನ್ನು ತರಲು ಎದ್ದಳು.

"ಏಯ್, ಕೂತ್ಕೊಳ್ಳೇ!" ಎಂದು ಗದರಿದಳು ಡಬ್ಬಿಯಮ್ಮ, ಸೆರಗು ಸಿಕ್ಕಿಸಿಕೊಳ್ಳುತ್ತ. "ಬೆಂದ ಕಾಳು ಇನ್ನೂ ಇದೆ. ರೀ, ನಡೀರಿ ಒಳಗೆ."