ಮಂಡಿನೋವಿನ ತೈಲ

ರೀಜ ಮೂರನೇ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿದಳು. ಅದರಲ್ಲೂ ಸೂರ್ಯಕಾಂತಿ ಎಣ್ಣೆಯೇ.

"ಸಿಕ್ತಾ?" ನಡುಮನೆಯಿಂದ ಚಿರುತ ಕೂಗಿದಳು. ಸತ್ತ ಕಣಾರನ್‌ನ ತಂಗಿ ಅವಳು. "ಅಣ್ಣನಿಗೆ ಸ್ನಾನ ಮಾಡಿಸ್ಬೇಕು. ಮೈಗೆ ಹಚ್ಚೋಕೆ ಕೊಬ್ಬರಿ ಎಣ್ಣೆ ಬೇಕು, ತೆಂಗಿನ ಹೋಳಲ್ಲಿ ದೀಪಕ್ಕೂ ಬೇಕು. ಎಷ್ಟೊತ್ತು?"

"ಹುಡುಕ್ತಾ ಇದೀನಿ ಇಳಯಮ್ಮ."

ಮನೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲವೆಂದು ಸೊಸೆ ರೀಜಳಿಗೆ ಗೊತ್ತಿತ್ತು. ಹುಡುಕುತ್ತಿರುವಷ್ಟು ಹೊತ್ತು ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಅಷ್ಟೇ. ಹಿತ್ತಲಲ್ಲಿ ಚಿತೆಗೆ ಮಾವಿನ ಮರ ಕಡಿಯುತ್ತಿದ್ದರು. ಗರಗಸದ ಯಂತ್ರ ಕಿರುಚಿ ನಿಲ್ಲುತ್ತಿತ್ತು, ಮತ್ತೆ ಕಿರುಚುತ್ತಿತ್ತು. ಕಡೆಗೆ ಅವಳು ತಾನು ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ತಂದು ಕೊಟ್ಟಳು.

ಚಿರುತ ಮೂಸಿದಳು. "ಮಲ್ಲಿಗೆ ಘಮಘಮ! ಅಣ್ಣನನ್ನ ಚಿತೆಗೆ ಕಳಿಸ್ತಿದೀವೋ, ಮದುವೆ ಚಪ್ಪರಕ್ಕೋ?"

ಬಾಗಿಲ ಬಳಿ ಯಾರೋ ನಕ್ಕು, ನಕ್ಕದ್ದನ್ನು ಕೆಮ್ಮಾಗಿಸಿದರು.

"ನಲವತ್ತು ವರ್ಷ ವಡಗರೆಯ ಗಾಣದಲ್ಲಿ ಕೊಬ್ಬರಿ ಅರೆದೋನು. ಅವನ ಮನೇಲಿ ಒಂದು ತೊಟ್ಟು ಇಲ್ಲ ಅಂದ್ರೆ..."

"ನಮ್ಮನೆಯಿಂದ ತರ್ತೀನಿ ಬಿಡು," ಪಕ್ಕದ ಮನೆಯ ಜಾನು ಎದ್ದಳು. ಎಪ್ಪತ್ತು ದಾಟಿದವಳು ನೆಲಕ್ಕೆ ಕೈಯೂರದೆ ಎದ್ದಳು.

ಹೆಣದ ತಲೆದೆಸೆಯಲ್ಲಿ ಕೂತಿದ್ದ ಮಾದು, ಕಣಾರನ್‌ನ ಹೆಂಡತಿ, ಮುಖ ಎತ್ತಿದಳು.

"ಕೂತ್ಕೋ ಜಾನು. ಇಲ್ಲೇ ಇದೆ."

*

ಒಂಬತ್ತು ವರ್ಷದ ಹಿಂದೆ ಕಣಾರನ್ ಗಾಣದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಗುಳಿಗೆ ಬರೆದುಕೊಟ್ಟು, ಕೊಬ್ಬರಿ ಎಣ್ಣೆ ನಿಲ್ಲಿಸಿ ಎಂದರು. ಗುಳಿಗೆಯ ಜವಾಬ್ದಾರಿ ಮಗ ಬಿಜೀಶನದಾಯಿತು, ಎಣ್ಣೆಯದು ಅವನ ಹೆಂಡತಿ ರೀಜಳದು. ಅವಳು ಆಶಾ ಕಾರ್ಯಕರ್ತೆ. ಊರಿನ ಅಡಿಗೆಮನೆಗಳಿಗೆಲ್ಲ ಹೋಗಿ ಎಣ್ಣೆ ಕಡಿಮೆ ಮಾಡಿ ಎನ್ನುವವಳು ತನ್ನ ಮನೆಯ ಡಬ್ಬಿಯನ್ನೇ ಮೊದಲು ಹೊರಗಿಟ್ಟಳು. ಅಳತೆಯ ಚಮಚ ತಂದಳು. ಅಡಿಗೆಗೆ ಒಬ್ಬೊಬ್ಬರಿಗೆ ದಿನಕ್ಕೆ ಮೂರು ಚಮಚ, ಅದೂ ಸೂರ್ಯಕಾಂತಿಯದು.

ಮೊದಲ ದಿನ ಕಣಾರನ್ ಹುರಿದ ಬಂಗುಡೆಯನ್ನು ತಿರುವಿ ತಿರುವಿ ನೋಡಿದ.

"ಇದು ಯಾವ ಊರಿನ ಮೀನು ಮಗಳೇ?"

"ಇಲ್ಲಿದೇ ಅಚ್ಛ," ಎಂದಳು ರೀಜ ಮಾವನಿಗೆ.

"ಮತ್ತೆ ಆಸ್ಪತ್ರೆ ವಾಸನೆ ಯಾಕೆ?"

"ನಿಮ್ಮ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ."

"ನನ್ನಪ್ಪ ತೊಂಬತ್ತು ವರ್ಷ ಕೊಬ್ಬರಿ ಎಣ್ಣೇಲೇ ಬದುಕಿದ."

"ನಿಮ್ಮಪ್ಪ ದಿನಾ ನಲವತ್ತು ಮರ ಹತ್ತಿ ಇಳೀತಿದ್ರು. ನೀವು ಸ್ವಿಚ್ಚು ಹಾಕಿ ಕೂತ್ಕೋತಿದ್ರಿ."

ಅವನು ಮೀನು ಮುರಿದು ಬಾಯಿಗಿಟ್ಟ. ಒಂದು ವರ್ಷ ಗೊಣಗಿಕೊಂಡೇ ತಿಂದ. ಆಮೇಲೆ ಇದ್ದಕ್ಕಿದ್ದಂತೆ ಗೊಣಗುವುದನ್ನು ಬಿಟ್ಟ. ಅದೇ ಹೊತ್ತಿಗೆ ಅವನಿಗೆ ಮಂಡಿನೋವು ಶುರುವಾಯಿತು. ರೀಜ ತಿಂಗಳಿಗೊಂದು ಬಾಟಲಿ ಆಯುರ್ವೇದದ ತೈಲ ತಂದುಕೊಟ್ಟಳು. ಎಷ್ಟು ಬಾಟಲಿ ಮುಗಿದರೂ ನೋವು ಹೋಗಲಿಲ್ಲ.

ರಕ್ತಪರೀಕ್ಷೆಯ ಚೀಟಿಗಳನ್ನು ಅವಳು ಕಡತದಲ್ಲಿ ಜೋಡಿಸಿಟ್ಟಿದ್ದಳು. ಕೊಬ್ಬಿನ ಅಂಕಿಗಳು ಇಳಿಯುತ್ತಾ ಬಂದಿದ್ದವು. ಎಪ್ಪತ್ತಕ್ಕೆ ಹೋಗಬೇಕಿದ್ದವನನ್ನು ಎಪ್ಪತ್ತೊಂಬತ್ತರವರೆಗೆ ತಂದದ್ದು ತನ್ನ ಚಮಚ ಎಂದು ನಂಬಿದ್ದಳು. ಇದು ನಾನು ಮಾಡಿದ್ದು ಎಂದು ತೋರಿಸಲು ಅವಳ ಹತ್ತಿರ ಅದೊಂದೇ ಇತ್ತು.

*

ಮಾದು ಮಂಚದ ಕೆಳಗೆ ಕೈ ಹಾಕಿ ಕಂದು ಗಾಜಿನ ಬಾಟಲಿ ತೆಗೆದಳು.

"ಅಮ್ಮ, ಅದು ಮಂಡಿನೋವಿನ ತೈಲ," ಎಂದಳು ರೀಜ.

ಚಿರುತ ಅಂಗೈಗೆ ಸುರಿದುಕೊಂಡಳು. ತಿಳಿನೀರಿನಂಥ ಎಣ್ಣೆ. "ಗಾಣದ್ದೇ! ಅಪ್ಪಟ!"

"ಹಾಗಾದ್ರೆ ನಾನು ತಂದ ತೈಲ?"

ಜಾನು ಮೆಲ್ಲಗೆ ಉಟ್ಟಿದ್ದ ಮುಂಡಿನ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡಳು.

"ಎಷ್ಟು ವರ್ಷದಿಂದ, ಜಾನೇಚಿ?" ರೀಜ ಅವಳ ಮಂಡಿ ನೋಡುತ್ತಾ ಕೇಳಿದಳು.

"ಎಂಟಾಯ್ತು," ಎಂದಳು ಜಾನು. "ನಿನ್ನ ತೈಲ ನಂಗೆ ಚೆನ್ನಾಗಿ ಹಿಡಿಸ್ತು ಮಗಳೇ. ಸುಳ್ಳು ಯಾಕೆ ಹೇಳ್ಲಿ? ಖಾಲಿ ಬಾಟಲಿ ವಾಪಸ್ ಕೊಡೋದು ಹೇಗೆ ಅಂತ ಗಾಣದ ಎಣ್ಣೆ ತುಂಬಿಸಿ ಕೊಡ್ತಿದ್ದೆ."

ರೀಜ ಅತ್ತೆಯ ಕಡೆ ತಿರುಗಿದಳು. "ದಿನಕ್ಕೆ ಎಷ್ಟು ಹಾಕ್ತಿದ್ರಿ?"

"ನಾನು ಅಳೀಲಿಲ್ಲ."

"ಎಷ್ಟು, ಅಮ್ಮ?"

"ನೀನು ಮನೆಮನೆ ಸುತ್ತೋಕೆ ಹೋದಾಗ. ಗಂಜಿ ಮೇಲೆ. ನಿನ್ನೆ ಮರಗೆಣಸಿನ ಮೇಲೆ. ಅವರು ಸಾಕು ಅನ್ನೋವರೆಗೆ."

"ಸಾಕು ಅಂತಿದ್ರಾ?"

"ಅಂತಿರ್ಲಿಲ್ಲ."

ಈ ಎಣ್ಣೆಯೇ ಅವನನ್ನು ಕೊಂದಿತೋ, ಇದಿದ್ದೂ ಅವನು ಒಂಬತ್ತು ವರ್ಷ ಬದುಕಿದನೋ? ಬರೀ ಗುಳಿಗೆಯ ಕೆಲಸವೋ? ಹಾಗಾದರೆ ತನ್ನ ಚಮಚ ಏನು ಮಾಡಿತು? ರೀಜ ಹೆಣದ ಮುಖವನ್ನೇ ನೋಡುತ್ತಾ ನಿಂತಳು.

"ಏನು, ಈಗ್ಲೂ ರಕ್ತ ತಗೊಂಡು ನೋಡ್ತೀಯಾ?" ಎಂದಳು ಚಿರುತ. "ಆ ಕಡೆ ಸರ್ಕೋ."

ಬಿಜೀಶ್ ಮೈಮೇಲೆಲ್ಲ ಮರದ ಪುಡಿ ಹೊತ್ತು ಬಾಗಿಲಲ್ಲಿ ಇಣುಕಿದ. "ಸೌದೆ ರೆಡಿ. ಇನ್ನೂ ಸ್ನಾನ ಆಗಿಲ್ವಾ? ಜನ ಕಾಯ್ತಿದಾರೆ."

ಎಣ್ಣೆ ಹಚ್ಚಿದರು, ಸ್ನಾನ ಮಾಡಿಸಿದರು, ಬಾಳೆಲೆಯ ಮೇಲೆ ಮಲಗಿಸಿದರು. ತೆಂಗಿನಕಾಯಿ ಒಡೆದು ತಲೆಗೊಂದು ಹೋಳು, ಕಾಲಿಗೊಂದು ಹೋಳು ಇಟ್ಟರು. ಎಣ್ಣೆ ಹಾಕು ಎಂದು ಯಾರೋ ಬಾಟಲಿಯನ್ನು ರೀಜಳ ಕೈಗೆ ಕೊಟ್ಟರು. ಅವಳು ಒಳಗೆ ಹೋಗಿ ಅಳತೆಯ ಚಮಚ ತಂದಳು. ತಂದದ್ದು ಅವಳಿಗೆ ಗೊತ್ತಾದದ್ದು ಎರಡನೇ ಚಮಚ ಹೊಯ್ಯುವಾಗ.

ಮಾದು ಅವಳ ಮಣಿಕಟ್ಟು ಹಿಡಿದಳು. "ಇವತ್ತೊಂದಿನ ಬಿಡು." ಬಾಟಲಿ ಕಸಿದುಕೊಂಡು ಎರಡೂ ಹೋಳುಗಳಿಗೆ ತುಳುಕುವಂತೆ ಸುರಿದಳು.

ಬತ್ತಿ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಕಾದ ಎಣ್ಣೆಯಲ್ಲಿ ತೆಂಗಿನ ತಿರುಳು ಚುರುಗುಟ್ಟಿ ಅಂಚಿನಲ್ಲಿ ಕೆಂಪಾಗತೊಡಗಿತು. ಪರಿಮಳ ಕೋಣೆ ತುಂಬಿ ಅಂಗಳಕ್ಕೆ ಹೋಯಿತು. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ.

"ಸಾವಿನ ಮನೇಲಿ ಒಲೆ ಹಚ್ಚಿದೋರು ಯಾರೋ?" ಅಂಗಳದಿಂದ ಒಬ್ಬ ಮುದುಕ ಗದರಿದ.

ಒಳಗಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಣ್ಣೆ ಇಳಿಯುತ್ತಿದ್ದ ಚಮಚವನ್ನು ಹಾಗೇ ಹಿಡಿದು ನಿಂತಿದ್ದ ರೀಜಳ ಬಾಯಲ್ಲಿ ನೀರೂರಿತು. ತುಟಿ ಬಿಗಿದು ನುಂಗಿದಳು. ಮತ್ತೆ ಊರಿತು.