ಅರವತ್ತೊಂದರಲ್ಲಿ ಬುಗುಡಿ

ತಾಯಿ ತೀರಿಕೊಂಡ ದಿನದಿಂದ ಆಕೆಯ ಮುತ್ತು ಕೂರಿಸಿದ ಬಂಗಾರದ ಬುಗುಡಿ ಛತ್ರಪತಿ ಸಂಭಾಜಿನಗರದಲ್ಲಿ, ಅನಸೂಯಳ ತಮ್ಮ ಜಯರಾಮನ ಮನೆಯ ಕಪಾಟಿನಲ್ಲಿತ್ತು. ಅಜ್ಜಿಯಿಂದ ಬಂದ ಅದನ್ನು ತಾಯಿ ಕಿವಿಯ ಮೇಲಂಚಿನಿಂದ ಒಂದು ದಿನವೂ ತೆಗೆದವಳಲ್ಲ. "ಹಾಕ್ಕೊಳ್ಳೋರಿಗೆ ಕೊಡ್ರಿ" ಎಂದಷ್ಟೇ ಹೇಳಿ ಹೋಗಿದ್ದಳು. ಎರಡು ವರ್ಷವಾದರೂ ಹಾಕಿಕೊಳ್ಳುವವರು ಯಾರೂ ಬಂದಿರಲಿಲ್ಲ.

ಏಪ್ರಿಲ್‌ನಲ್ಲಿ ಜಯರಾಮನ ಹೆಂಡತಿ ಊರ್ಮಿಳಾ ನಾಸಿಕದಲ್ಲಿದ್ದ ಅನಸೂಯಳಿಗೆ ಫೋನ್ ಮಾಡಿದಳು. ಡಿಸೆಂಬರ್‌ನಲ್ಲಿ ಮಗನ ಮದುವೆ, ಸೊಸೆಗೊಂದು ಸರ ಆಗಬೇಕು.

"ಅಕ್ಕಾ, ಗಣಪತಿ ಹಬ್ಬ ಆದಮ್ಯಾಲೆ ಆ ಬುಗುಡಿ ಕರಗಸತೀವಿ. ನಿಮಗ ಒಂದ ಮಾತು ಹೇಳಬೇಕಲ್ಲ."

"ಕರಗಸಬ್ಯಾಡ್ರಿ. ನಾ ಹಾಕ್ಕೋತೀನಿ."

ಊರ್ಮಿಳಾ ನಕ್ಕಳು. "ನಿಮ್ಮ ಕಿವಿಗೆ ಮ್ಯಾಲೆ ತೂತರೆ ಎಲ್ಲದರಿ ಅಕ್ಕಾ?"

ಅನಸೂಯ ಫೋನ್ ಇಟ್ಟಳು. ಓಝರ್‌ನ ವಿಮಾನ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಗಂಡ ರಘುನಂದನ ಎಲ್ಲ ಕೇಳಿಸಿಕೊಂಡಿದ್ದ. "ಈಗ ಒತ್ತಿ ಹಾಕ್ಕೊಳ್ಳೋ ಬುಗುಡಿ ಬಂದಾವ, ಚುಚ್ಚೂದ ಬ್ಯಾಡ. ಈ ವಯಸ್ಸಿಗೆ ಕಿವಿ ಚುಚ್ಚಿಸ್ಕೊಂಡ್ರ ನಾಕು ಮಂದಿ ನಗತಾರ" ಎಂದ.

"ನಗಲಿ. ಚುಚ್ಚೂದು ನನ್ನ ಕಿವಿ, ಅವರದಲ್ಲ."

ಮರುದಿನವೇ ಅವಳು ಸರಾಫ ಬಜಾರಿಗೆ ಹೋದಳು. ಕಿವಿ ಚುಚ್ಚುವ ಮುದುಕ ಅಕ್ಕಸಾಲಿ ಅವಳ ಹಿಂದೆ ಮುಂದೆ ನೋಡಿ, "ಬಾಳ ಕುಠೆ ಆಹೆ, ಆಜಿ?" ಎಂದು ಮರಾಠಿಯಲ್ಲಿ ಕೇಳಿ, ಕಿವಿ ಚುಚ್ಚಿಸಬೇಕಾದ ಮಗುವನ್ನು ಹುಡುಕಿದ. ಅನಸೂಯ ತನ್ನ ಕಿವಿಯ ಮೇಲಂಚನ್ನೇ ಹಿಡಿದು ತೋರಿಸಿದಳು. ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಅವಳು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಳು.

ಹನ್ನೆರಡು ವರ್ಷದವಳಿದ್ದಾಗ ಧಾರವಾಡದಲ್ಲಿ ಇಂಥದೇ ಅಂಗಡಿಗೆ ತಾಯಿ ಅವಳನ್ನು ಕರೆದೊಯ್ದಿದ್ದಳು. ಬುಗುಡಿ ಹಾಕಿಕೊಂಡರೆ ಮುದುಕಿ ಆಗ್ತೀ ಎಂದು ಶಾಲೆಯ ಗೆಳತಿಯರು ಹಂಗಿಸಿದ್ದರು. ಅವಳು ಅತ್ತು ರಂಪ ಮಾಡಿ, ಅಂಗಡಿಯಿಂದ ಓಡಿಬಂದಿದ್ದಳು. ತಾಯಿ ಬೈಯಲಿಲ್ಲ, ಮತ್ತೆಂದೂ ಆ ಮಾತು ಎತ್ತಲೂ ಇಲ್ಲ. ಆ ಮೌನ ಅನಸೂಯಳಿಗೆ ವಯಸ್ಸಾದಂತೆ ಹೆಚ್ಚು ಹೆಚ್ಚು ಚುಚ್ಚುತ್ತ ಬಂದಿತ್ತು.

ಸೂಜಿ ಕಿವಿಯ ಗಟ್ಟಿ ಅಂಚನ್ನು ತೂರಿದಾಗ ಕಣ್ಣಲ್ಲಿ ನೀರು ಬಂತು. ಮುದುಕ ಕೈ ತಡೆದು, ಇನ್ನೊಂದು ಕಿವಿ ಮುಂದಿನ ವಾರ ನೋಡೋಣವೇ ಎಂದು ಕೇಳಿದ. ಅವಳು ತಾನೇ ತಲೆ ಹೊರಳಿಸಿ ಇನ್ನೊಂದು ಕಿವಿ ಒಡ್ಡಿದಳು. ತೂತು ಮುಚ್ಚದಂತೆ ಮುದುಕ ಎರಡಕ್ಕೂ ತೆಳ್ಳನೆಯ ತಂತಿ ಹಾಕಿ ಕಳಿಸಿದ.

ಮುಂಗಾರಿನಲ್ಲಿ ಬಲಗಿವಿ ಕೀವಾಗಿ ಬಾತುಕೊಂಡಿತು. ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ಮೂರು ದಿನದಲ್ಲಿ ಇಳಿಯದಿದ್ದರೆ ತಂತಿ ತೆಗೆದು ತೂತು ಮುಚ್ಚಲು ಬಿಡಲೇಬೇಕು ಎಂದರು. ಚುಚ್ಚುವುದೇ ಬೇಡ ಎಂದಿದ್ದ ರಘುನಂದನನೇ ದಿನಕ್ಕೆ ಎರಡು ಹೊತ್ತು ಉಪ್ಪುನೀರು ಕಾಸಿ ಕೊಟ್ಟ. ಮೂರನೆಯ ದಿನ ಬಾವು ಇಳಿಯಿತು.

ಗಣಪತಿ ಮುಗಿದ ಮರುವಾರ ಇಬ್ಬರೂ ನಾಸಿಕ್ ರೋಡಿನಲ್ಲಿ ರೈಲು ಹತ್ತಿ ಜಯರಾಮನ ಮನೆಗೆ ಬಂದರು. ಅದೇ ಮಧ್ಯಾಹ್ನ ಊರ್ಮಿಳಾ ಅಕ್ಕಸಾಲಿಯ ಬಳಿ ಹೊರಡುವವಳಿದ್ದಳು. ಬುಗುಡಿಯ ಡಬ್ಬಿ ಟೇಬಲ್ ಮೇಲೆ ಸಿದ್ಧವಾಗಿತ್ತು. ಅನಸೂಯ ಕೂದಲು ಹಿಂದಕ್ಕೆ ಸರಿಸಿ ಎರಡೂ ಕಿವಿ ತೋರಿಸಿದಳು. ತಂತಿ ತೆಗೆದಳು. ಡಬ್ಬಿ ಬಿಚ್ಚಿ, ಕನ್ನಡಿಯ ಮುಂದೆ ನಿಂತು, ಎಡಗಿವಿಗೆ ಬುಗುಡಿ ತೂರಿಸಿದಳು. ಅದರ ಕಡ್ಡಿ ತಂತಿಗಿಂತ ದಪ್ಪ. ಒಂದು ಹನಿ ರಕ್ತ ಇಳಿಯಿತು.

"ಬಿಡ್ರಿ ಅಕ್ಕಾ, ರಕ್ತ ಬರಲಿಕ್ಕತ್ತದ!"

"ಬರಲಿ."

"ಮತ್ತ ನನ್ನ ಸೊಸಿಗೆ ನಾ ಏನ ಹಾಕಲಿ?"

"ಅಕೀಗೆ ಬೇಕಂದ್ರ ಅಕೀನೂ ಚುಚ್ಚಿಸ್ಕೊಳ್ಳಲಿ. ನನ್ನ ನಂತರ ಅಕೀಗೇ. ಕರಗಸಲಿಕ್ಕೆ ಮಾತ್ರ ಕೊಡೂದಿಲ್ಲ."

ಊರ್ಮಿಳಾ ಗಂಡನ ಮುಖ ನೋಡಿದಳು. ಜಯರಾಮ ಅಕ್ಕನ ಕಿವಿಯನ್ನೇ ನೋಡುತ್ತಿದ್ದ. "ಹಾಕ್ಕೊಳ್ಳೋರಿಗೆ ಅಂದಿದ್ದಳು ಅವ್ವ. ಅಕ್ಕ ಹಾಕ್ಕೊಂಡಾಳ. ಮುಗೀತಲ್ಲ" ಎಂದ.

ಅನಸೂಯ ಬಲಗಿವಿಗೂ ಬುಗುಡಿ ತೂರಿಸಿದಳು, ಆದರೆ ಅದರ ತಿರುಪು ಬೆರಳಿಗೆ ಸಿಗಲಿಲ್ಲ. ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಊರ್ಮಿಳಾ ಹತ್ತಿ ತಂದು ರಕ್ತ ಒರೆಸಿ, ತಿರುಪನ್ನು ತಾನೇ ಬಿಗಿದಳು. ಅವಳ ಮುಖದ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಮದುವಿ ದಿನ ಹಾಕ್ಕೊಂಡು, ಆಮ್ಯಾಲೆ ಬ್ಯಾಂಕಿನ್ಯಾಗರೆ ಇಡ್ರಿ."

"ಇಲ್ಲವ್ವಾ, ದಿನಾ ಹಾಕ್ಕೋತೀನಿ. ಕಾಯಿಪಲ್ಲೆ ತರಲಿಕ್ಕೂ ಹಾಕ್ಕೊಂಡೇ ಹೋಗ್ತೀನಿ."

ಮರಳುವ ರೈಲಿನಲ್ಲಿ ಜನ ತುಂಬಿದ್ದರು. ರಘುನಂದನ ಅವಳ ಕಿವಿಯ ಹತ್ತಿರ ಬಗ್ಗಿ, "ಸೆರಗು ಮ್ಯಾಲೆ ಎಳಕೋ, ಎಲ್ಲಾರೂ ನೋಡಲಿಕ್ಕತ್ತಾರ" ಎಂದ.

"ಇಷ್ಟ ನೋವು ತಿಂದು ಮುಚ್ಚಿಕೊಂಡು ಕೂಡಲೇನ್ರೀ?"

ಎರಡೂ ಕಿವಿ ಕೆಂಡದ ಹಾಗೆ ಸುಡುತ್ತಿದ್ದವು. ಅನಸೂಯ ಸೆರಗನ್ನು ಹೆಗಲಿಂದ ಕೆಳಗೆ ಸರಿಸಿ, ಮುಖವೆತ್ತಿ ಕುಳಿತಳು.