ಜೋಕಿಮ್ ಮಾಸ್ತರರ ಹಾಯಿಯ ಕವರು

ಕಾಪು ಪೇಟೆಯಲ್ಲಿ ಹದಿನೈದು ವರ್ಷ ಹೊಲಿಗೆ ಯಂತ್ರ ತುಳಿದಿದ್ದೇನೆ, ಒಬ್ಬರ ಮೈಗೂ ಟೇಪು ಹಿಡಿದವನಲ್ಲ ನಾನು. ಹೆಂಗಸರು ಅಂಗಡಿಗೆ ಬರುವುದಿಲ್ಲ; ಅಳತೆಗೆಂದು ಹಳೆಯ ರವಿಕೆಯೊಂದನ್ನು ಪೇಪರಿನಲ್ಲಿ ಸುತ್ತಿ ಕಳುಹಿಸುತ್ತಾರೆ. ಅದನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸಿ ಹೊಲಿದುಕೊಡುವುದು. ಗಂಡಸರಿಗೂ ಅದೇ ಶಾಸ್ತ್ರ. ಒಂದು ಬಟ್ಟೆಯೂ ವಾಪಸು ಬಂದದ್ದಿಲ್ಲ. ಈ ಪುತ್ತುಬ್ಬ ಜಂಬ ಕೊಚ್ಚುತ್ತಿದ್ದಾನೆ ಎನ್ನಬೇಡಿ. ಸರಿ, ಕೊಚ್ಚುತ್ತಿದ್ದೇನೆ, ಮುಂದೆ ಕೇಳಿ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಮಣಿಪಾಲದಲ್ಲಿ ಪಾಠ ಹೇಳುವ ಜೋಕಿಮ್ ಮಾಸ್ತರರು ಬಂದರು. ಹೂಡೆಯ ಹೊಳೆಯಲ್ಲಿ ಅವರದೊಂದು ಹಾಯಿದೋಣಿ. ಮೀನು ಹಿಡಿಯಲಿಕ್ಕಲ್ಲ, ಗಾಳಿ ಬಂದತ್ತ ಸುಮ್ಮನೆ ಸುತ್ತಲಿಕ್ಕೆ. ಓದಿದವರ ಹುಚ್ಚು, ಏನು ಹೇಳುವುದು. ಹಾಯಿಯನ್ನು ಇಳಿಸಿ ಅಡ್ಡಮರಕ್ಕೆ ಸುತ್ತಿಟ್ಟರೆ ಬಿಸಿಲು ಅದನ್ನು ತಿಂದುಹಾಕುತ್ತದಂತೆ. ಅದರ ಮೇಲೆ ಹೊದಿಸಿ ಕಟ್ಟಲು ಕ್ಯಾನ್ವಾಸಿನ ಉದ್ದನೆಯ ಕವರು ಬೇಕಿತ್ತು. ಒಮ್ಮೆ ಹೂಡೆಗೆ ಬಂದು ಅಳತೆ ತೆಗೆದುಕೊಳ್ಳಿ ಎಂದರು. ನೋಡಲಿಕ್ಕೆ ಬರಲು ದೋಣಿಯೇನು ಮದುಮಗಳಾ, ಹಳೆಯ ಕವರು ಕಳುಹಿಸಿ ಸಾಕು ಎಂದೆ.

ಆ ಕವರಿನ ಮೇಲೆ ನನ್ನ ಬದುಕೇ ನಿಂತಿತ್ತು. ಹೆಂಡತಿ ರುಕಿಯಮ್ಮನ ತಮ್ಮ ಶುಕೂರ್ ದುಬೈಯಿಂದ ರಜೆಯಲ್ಲಿ ಬಂದಿದ್ದ, ನನಗೊಂದು ವೀಸಾ ಹಿಡಿದುಕೊಂಡು. ನನಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಆದರೆ ವೀಸಾ ಬಂದ ಮರುದಿನವೇ ರುಕಿಯಮ್ಮ ನನ್ನ ಅಂಗಿಗಳನ್ನೆಲ್ಲ ಒಗೆದು, ಇಸ್ತ್ರಿ ಹಾಕಿ, ಪೆಟ್ಟಿಗೆಗೆ ತುಂಬಿದಳು. ಇವಳಿಗೆ ನನ್ನನ್ನು ಸಾಗಹಾಕುವ ಅವಸರ ಎಂದು ಹೊಟ್ಟೆ ಉರಿಯಿತು. ಬಾಯಿ ಬಿಟ್ಟು ಕೇಳಲು ಅಭಿಮಾನ ಬಿಡಲಿಲ್ಲ. ಶುಕೂರನ ಹತ್ತಿರ ಮಾತ್ರ ಹೇಳಿದೆ: ಮಾಸ್ತರರ ಸ್ನೇಹಿತರದ್ದು ಇನ್ನೂ ನಾಲ್ಕು ದೋಣಿ ಉಂಟು. ಈ ಕವರು ಸರಿಯಾಗಿ ಕೂತರೆ ನನಗೆ ಊರಲ್ಲೇ ಕೆಲಸ, ಬರುವುದಿಲ್ಲ. ಕೂರದಿದ್ದರೆ ಬರುತ್ತೇನೆ. ಅವನು ನಗುತ್ತಾ ಒಪ್ಪಿದ.

ಕ್ಯಾನ್ವಾಸು ನೀರು ಕುಡಿದರೆ ಕುಗ್ಗುತ್ತದೆ, ನನಗೆ ಗೊತ್ತಿಲ್ಲವೇ? ಹೊಸ ಬಟ್ಟೆಯನ್ನು ಎರಡು ದಿನ ನೆನೆಸಿ ಒಣಗಿಸಿದೆ. ಹಳೆಯ ಕವರನ್ನು ಅದರ ಮೇಲೆ ಹಾಸಿ, ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿ, ಎರಡೆರಡು ಹೊಲಿಗೆ ಹಾಕಿ ಕೊಟ್ಟೆ.

ಮೂರನೆಯ ದಿನ ಮಾಸ್ತರರು ಕವರು ಹಿಡಿದುಕೊಂಡೇ ಬಂದರು. ಸುತ್ತಳತೆಯಲ್ಲಿ ಒಂದು ಗೇಣು ಕಡಿಮೆ. ನಿಮ್ಮ ದೋಣಿ ದಪ್ಪ ಆಗಿರಬೇಕು ಎಂದು ರೇಗಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು.

"ಹಳೆಯದು ಮೂರು ಮಳೆಗಾಲದಲ್ಲಿ ಕುಗ್ಗಿ ಚಿಕ್ಕದಾಯಿತು ಅಂತಲೇ ಅಲ್ವಾ ಪುತ್ತುಬ್ಬನವರೇ, ನಾನು ನಿಮ್ಮ ಹತ್ರ ಬಂದದ್ದು?"

ಎರಡು ದಿನ ಬಟ್ಟೆ ನೆನೆಸಿದ ಬುದ್ಧಿವಂತನಿಗೆ ಅಷ್ಟು ಹೊಳೆಯಬಾರದೇ? ಕವರನ್ನು ಮೂಲೆಗೆ ಎಸೆದು, ಅಂಗಡಿಯ ಹಿಂದಿನ ಮನೆಗೆ ಹೋಗಿ, ನಿನ್ನ ತಮ್ಮನಿಗೆ ಹೇಳು, ನಾನು ದುಬೈಗೆ ಹೊರಟೆ ಎಂದೆ.

ಮರುದಿನ ಬೆಳಿಗ್ಗೆ ನೋಡಿದರೆ ಅವಳೂ ಇಲ್ಲ, ಕವರೂ ಇಲ್ಲ. ಪಕ್ಕದ ಮನೆಯ ರಾಬಿಯಾಳನ್ನು ಜೊತೆ ಮಾಡಿಕೊಂಡು ಹೂಡೆಯ ಬಸ್ಸು ಹಿಡಿದಿದ್ದಳು. ಮಧ್ಯಾಹ್ನ ತಿರುಗಿ ಬಂದಾಗ ಸೀರೆಯ ಅಂಚಿಗೆ ಕೆಸರು, ಕೈಯಲ್ಲಿ ದೋಣಿಯ ಅಳತೆ ತೆಗೆದ ಒಂದು ಹುರಿ. ಉದ್ದಕ್ಕೆ ಒಂದು ಗಂಟು, ಸುತ್ತಳತೆಗೆ ಮೂರು ಕಡೆ ಮೂರು ಗಂಟು. ನನ್ನನ್ನು ಕೇಳದೆ ನನ್ನ ಯಂತ್ರದ ಮುಂದೆ ಕೂತು, ಕವರಿನ ನಡುಹೊಲಿಗೆ ಬಿಚ್ಚಿ, ಉಳಿದ ಕ್ಯಾನ್ವಾಸಿನ ಪಟ್ಟಿಯೊಂದನ್ನು ಸೇರಿಸತೊಡಗಿದಳು. ಪಟ್ಟಿ ಎದ್ದು ಕಾಣುತ್ತದೆ, ನಾಚಿಕೆಗೇಡು ಎಂದೆ.

"ದೋಣಿಗೆ ನಾಚಿಕೆ ಇಲ್ಲ. ನಿಮಗೆ ಇದ್ದರೆ ಆಚೆ ನೋಡಿ," ಎಂದಳು.

ನಾನು ಆಚೆ ನೋಡಿದೆ. ತಡೆಯಲಾಗಲಿಲ್ಲ. ನನ್ನ ಪೆಟ್ಟಿಗೆ ಕಟ್ಟಿದವಳಿಗೆ ಈಗ ಇದೆಲ್ಲ ಯಾಕೆ ಎಂದು ಕೇಳಿಯೇಬಿಟ್ಟೆ. ಯಂತ್ರ ನಿಂತಿತು.

"ಹೋಗುವುದಿಲ್ಲ ಅಂತ ನೀವು ನನ್ನ ಹತ್ರ ಒಂದು ಸಲ ಹೇಳಿದ್ದುಂಟಾ? ಹೋಗುವವರನ್ನು ಕೊಳೆ ಅಂಗಿಯಲ್ಲಿ ಕಳಿಸ್ಲಿಕ್ಕೆ ಆಗ್ತದಾ?"

"ನಿನಗೆ ನಾನು ಹೋಗಬೇಕಾ?"

"ಬೇಡ," ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.

ಹದಿನೈದು ವರ್ಷ ಅವರಿವರ ಮೈ ನೋಡದೆ ಹೊಲಿದವನಿಗೆ, ಮನೆಯೊಳಗಿನವಳ ಮುಖ ನೋಡಿಯೂ ಮನಸ್ಸು ಗೊತ್ತಾಗಲಿಲ್ಲವಲ್ಲ. ನನಗೂ ಕಣ್ಣು ತುಂಬಿತು, ಹೇಳಲು ನಾಚಿಕೆಯಿಲ್ಲ. ಒಂದು ಸ್ಟೂಲು ಎಳೆದುಕೊಂಡು, ಭಾರದ ಕ್ಯಾನ್ವಾಸು ಜಾರದಂತೆ ಅವಳಿಗೆ ಹಿಡಿದುಕೊಟ್ಟೆ.

ಅಷ್ಟರಲ್ಲಿ ಶುಕೂರ್ ಬಂದ. ಪಾಸ್‌ಪೋರ್ಟು ಕೊಡಿ, ನಾಳೆಯೇ ಕಾಗದಪತ್ರ ಕಳುಹಿಸಬೇಕು ಎಂದ. ನಾನು ಬರುವುದಿಲ್ಲ, ವೀಸಾ ಬೇರೆ ಯಾರಿಗಾದರೂ ಕೊಡು ಎಂದೆ. ಅವನು ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ.

"ಹಾಗಾದರೆ ಕವರು ಸರಿಯಾಗಿ ಕೂತಿತಾ ಭಾವ?"

"ಗೊತ್ತಿಲ್ಲ ಮಾರಾಯ," ಎಂದೆ, "ಇನ್ನೂ ಹಾಕಿ ನೋಡಲಿಲ್ಲ."